ರಶ್ ಲಿಂಬಾ ರೇಡಿಯೋ ಕೇಳುತ್ತಿದ್ದವರು ಇಲ್ಲಿ ಇದ್ದೀರಾ? ನಮ್ಮ ಮನೆ ಮಾಲೀಕರ ಬಗ್ಗೆ ಒಂದು ಪ್ರಶ್ನೆ

ಶರಾವತಿ, ಮಿಸ್ಸೌರಿ

ಎಲ್ಲರಿಗೂ ನಮಸ್ಕಾರ. ಪಾರ್ಟಿ ಜಗಳಕ್ಕೆ ಅಂತ ಇದನ್ನು ಹಾಕುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಒಂದು ವಿಷಯ ತಿಂಗಳುಗಟ್ಟಲೆ ಮನಸ್ಸನ್ನು ಕೊರೆಯುತ್ತಿದೆ. ಮೂವತ್ತು ವರ್ಷದಿಂದ ಅಮೆರಿಕದಲ್ಲಿ ಇರುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ನಿಮ್ಮ ಹತ್ತಿರ ಕೇಳೋಣ ಅನಿಸಿತು.

ನಾವು ಬಂದದ್ದು 1998ರಲ್ಲಿ, ಮಿಸ್ಸೌರಿಯ ಒಂದು ಸಣ್ಣ ಊರಿಗೆ. ನಮಗೆ ಮನೆ ಬಾಡಿಗೆಗೆ ಕೊಟ್ಟವರು ಐವತ್ತು ದಾಟಿದ ಗಂಡ ಹೆಂಡತಿ. ಅವರದು ಬಡಗಿ ಕೆಲಸ. ಪಕ್ಕದ ಗ್ಯಾರೇಜಿನಲ್ಲೇ ದುಡಿಮೆ. ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಅಲ್ಲಿ ರೇಡಿಯೋ ಜೋರಾಗುತ್ತಿತ್ತು. ಎರಡು ಗಂಟೆವರೆಗೆ ರಶ್ ಲಿಂಬಾ, ರಿಪಬ್ಲಿಕನ್ನರ ಪರ ರಾಜಕೀಯ ಮಾತಾಡುತ್ತಿದ್ದ ರೇಡಿಯೋದವರು. ಗರಗಸ ನಿಲ್ಲಿಸಿ ಕೇಳುತ್ತಿದ್ದರು, ಒಬ್ಬರೇ ಗಟ್ಟಿಯಾಗಿ ನಗುತ್ತಿದ್ದರು. ಸ್ಟೇಷನ್ ತಿರುಗಿಸುವ ಗುಂಡಿಯ ಮೇಲೆ ಒಂದು ಟೇಪು ಅಂಟಿಸಿದ್ದರು. ಯಾರೂ ಅಲುಗಾಡಿಸಬಾರದು ಅಂತ.

ನನಗೆ ಕಾರು ಓಡಿಸಲು ಕಲಿಸಿದ್ದು ಅವರೇ. ಮಗಳು ಹುಟ್ಟಿದಾಗ ತೊಟ್ಟಿಲು ಮಾಡಿಕೊಟ್ಟರು, ಒಂದು ಡಾಲರ್ ಮುಟ್ಟಲಿಲ್ಲ. ಹಿಮ ಬಿದ್ದ ದಿನ ನಾವು ಏಳುವ ಮೊದಲೇ ನಮ್ಮ ಬಾಗಿಲ ಮುಂದಿನ ಹಿಮ ಎತ್ತಿ ಹಾಕಿರುತ್ತಿದ್ದರು.

ಅದೇ ಮನುಷ್ಯ ಊಟಕ್ಕೆ ಕೂತಾಗ ವಲಸೆ ಬಂದವರ ಮಾತು ತೆಗೆದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅವರಿಂದ ದೇಶ ಹಾಳಾಗುತ್ತಿದೆ, ಅವರನ್ನೆಲ್ಲ ವಾಪಸ್ ಕಳಿಸಬೇಕು. ಅಷ್ಟರಲ್ಲಿ ನನ್ನ ಮುಖ ನೋಡುತ್ತಿದ್ದರು. "ನೀವಲ್ಲ, ನೀವಲ್ಲ. ನಿಮ್ಮ ಬಗ್ಗೆ ಅಲ್ಲ ನಾನು ಹೇಳುತ್ತಿರುವುದು" ಅನ್ನುತ್ತಿದ್ದರು. ಇಪ್ಪತ್ತು ವರ್ಷ ಈ "ನೀವಲ್ಲ" ಕೇಳಿದ್ದೇನೆ.

ಅವರಿಗೆ ಒಬ್ಬನೇ ಮಗ, ಶಿಕಾಗೋದಲ್ಲಿ ಇದ್ದಾನೆ. ಅವನು ಡೆಮಾಕ್ರಟ್, ಅಂದರೆ ಅಪ್ಪನ ಎದುರು ಪಾರ್ಟಿ. ಎತ್ತು ಏರಿಗೆ, ಕೋಣ ನೀರಿಗೆ. 2009ರ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಅಪ್ಪ ಮಗ ಕೂಗಾಡಿಕೊಂಡದ್ದು ನಮ್ಮ ಮನೆವರೆಗೂ ಕೇಳಿಸಿತು. ಆಮೇಲೆ ಅವನು ಹಬ್ಬಕ್ಕೆ ಬರುವುದನ್ನೇ ಬಿಟ್ಟ.

2021ರ ಫೆಬ್ರವರಿ 17ರಂದು ಲಿಂಬಾ ಹೋದರು. ಆ ದಿನ ಮಾಲೀಕರು ಗ್ಯಾರೇಜಿನಲ್ಲಿ ಕೂತು ಅತ್ತರು ಅಂತ ಅವರ ಹೆಂಡತಿ ಹೇಳಿದರು. ಹೋದ ಚಳಿಗಾಲದಲ್ಲಿ ಮಾಲೀಕರೂ ತೀರಿಕೊಂಡರು. ಆ ರೇಡಿಯೋ ಈಗ ನನ್ನ ಅಡುಗೆಮನೆಯಲ್ಲಿ ಇದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಟೇಪು ಹಾಗೇ ಇದೆ.

ನನ್ನ ಪ್ರಶ್ನೆ ಇಷ್ಟೇ. ಆ ದನಿ ಅವರ ತಲೆಗೆ ಇದನ್ನೆಲ್ಲ ತುಂಬಿತಾ? ಇಲ್ಲ, ಅವರೊಳಗೆ ಮೊದಲೇ ಇದ್ದದ್ದನ್ನು ಹೊರಗೆ ತಂದಿತಾ? ಕೇಳಿದವರು ನಿಜ ಹೇಳಿ.

ಹಂಪಿ ದಾರಿ, ಸ್ಯಾಕ್ರಮೆಂಟೊ

ಶರಾವತಿಯವರೇ, ನಾನು ಕೇಳಿದವನು. ಸುಮ್ನೆ ಆಗೊಮ್ಮೆ ಈಗೊಮ್ಮೆ ಅಲ್ಲ, ಆರು ವರ್ಷ ಹೆಚ್ಚುಕಡಿಮೆ ದಿನಾ ಕೇಳಿದ್ದೇನೆ.

ನಾನು 1992ರಲ್ಲಿ ಬಂದೆ. ಆಸ್ಪತ್ರೆಗಳಿಗೆ ಸಾಮಾನು ತಲುಪಿಸುವ ವ್ಯಾನ್ ಓಡಿಸುತ್ತಿದ್ದೆ. ನಿಮ್ಮ ಹನ್ನೊಂದು ಗಂಟೆ ನಮಗಿಲ್ಲಿ ಒಂಬತ್ತು. ಒಂಬತ್ತರಿಂದ ಹನ್ನೆರಡು ನಾನು ರಸ್ತೆಯಲ್ಲೇ ಇರುತ್ತಿದ್ದೆ. ವ್ಯಾನಿನಲ್ಲಿ ಇದ್ದದ್ದು ಬರೀ ಎಎಂ ರೇಡಿಯೋ.

ನಮ್ಮೂರಿಗೆ ಲಿಂಬಾ ಅರ್ಧ ಮನೆಮಗ ಇದ್ದ ಹಾಗೆ. ಹುಟ್ಟಿದ್ದು ಮಿಸ್ಸೌರಿಯ ಕೇಪ್ ಜಿರಾರ್ಡೋದಲ್ಲಿ, 1951ರಲ್ಲಿ. ವಕೀಲರ ಮನೆತನ. ಅಜ್ಜನ ಹೆಸರನ್ನು ಅಲ್ಲಿನ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಇಟ್ಟಿದ್ದಾರೆ. ಇವರು ಮಾತ್ರ ಕಾಲೇಜು ಬಿಟ್ಟು ರೇಡಿಯೋ ಹಿಡಿದರು. ಬೇರೆ ಹೆಸರಿನಲ್ಲಿ ಹಾಡು ಹಾಕುತ್ತಿದ್ದರು, ಒಂದಕ್ಕಿಂತ ಜಾಸ್ತಿ ಸಲ ಕೆಲಸ ಕಳೆದುಕೊಂಡರು. ರೇಡಿಯೋ ಬಿಟ್ಟು ಕೆಲವು ವರ್ಷ ಕಾನ್ಸಾಸ್ ಸಿಟಿಯ ಬೇಸ್‌ಬಾಲ್ ತಂಡದ ಆಫೀಸಿನಲ್ಲಿ ದುಡಿದರು. ಅವರಿಗೆ ಕಾಲು ಊರಲು ಜಾಗ ಸಿಕ್ಕಿದ್ದು 1984ರಲ್ಲಿ, ನಮ್ಮ ಸ್ಯಾಕ್ರಮೆಂಟೊದ ಕೆಎಫ್‌ಬಿಕೆ ಸ್ಟೇಷನ್‌ನಲ್ಲಿ. ಇಲ್ಲಿಂದ ನ್ಯೂಯಾರ್ಕ್. 1988ರ ಆಗಸ್ಟ್ 1ರಂದು ದೇಶವಿಡೀ ಪ್ರಸಾರ ಶುರುವಾದಾಗ 56 ಸ್ಟೇಷನ್. ಮುಂದೆ 600 ದಾಟಿತು.

ಯಾಕೆ ಕೇಳುತ್ತಿದ್ದೆ ಅಂತ ಹೇಳುತ್ತೇನೆ. ನನಗೆ ಇಂಗ್ಲಿಷ್ ಕಲಿಸಿದ್ದು ಅವರು. ಅತಿಥಿಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಬ್ಬನೇ ಮನುಷ್ಯ, ಮೂರು ಗಂಟೆ. ಮೈಕಿನ ಮುಂದೆ ಕಾಗದ ಸರಿಸುವ ಸದ್ದು, ಮೇಜು ಬಡಿಯುವ ಸದ್ದು. ಒಂದು ಮಾತು ಹೇಳಿ ನಿಲ್ಲಿಸುತ್ತಿದ್ದರು. ಒಂದು, ಎರಡು, ಮೂರು ಸೆಕೆಂಡ್ ಏನೂ ಇಲ್ಲ. ನಾವು ವ್ಯಾನಿನಲ್ಲಿ ಕಾಯುತ್ತಿದ್ದೆವು. ಆಮೇಲೆ ಪಿಸುಮಾತಿನಲ್ಲಿ ಮುಂದಿನ ಮಾತು, ನನ್ನೊಬ್ಬನಿಗೇ ಹೇಳಿದ ಹಾಗೆ. ಹೊಸ ದೇಶದಲ್ಲಿ ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದವರು ಬೇರೆ ಯಾರೂ ಇರಲಿಲ್ಲ. ಆಗ ಕೆಲವು ಹೋಟೆಲುಗಳಲ್ಲಿ 'ರಶ್ ರೂಮ್' ಅಂತ ಬೇರೆ ಕೋಣೆಯೇ ಇರುತ್ತಿತ್ತು. ಜನ ಊಟ ಮಾಡುತ್ತಾ ಒಟ್ಟಿಗೆ ಕೇಳುತ್ತಿದ್ದರು.

ಈಗ ನಾಚಿಕೆಯ ವಿಷಯ. ಹೆಣ್ಣುಮಕ್ಕಳ ಹಕ್ಕಿಗೆ ಹೋರಾಡುವವರನ್ನು ಹಿಟ್ಲರನ ನಾಜಿಗಳ ಜೊತೆ ಸೇರಿಸಿ ಅವರು ಒಂದು ಪದ ಹಬ್ಬಿಸಿದ್ದರು, 'ಫೆಮಿನಾಜಿ'. ದಿನಾ ಕೇಳಿ ಕೇಳಿ ಅದು ಮಾಮೂಲಿ ಪದ ಅಂತ ಅಂದುಕೊಂಡಿದ್ದೆ. ಒಂದು ದಿನ ಗೋದಾಮಿನ ಮೇಲ್ವಿಚಾರಕಿಯ ಎದುರು ಹಾಗೇ ಬಾಯಿಗೆ ಬಂತು. ಆಕೆ ಯಹೂದಿ. ಅಜ್ಜಿಯ ಕಡೆಯವರು ಪೋಲೆಂಡಿನ ನಾಜಿ ಕ್ಯಾಂಪಿನಲ್ಲಿ ಸತ್ತವರು. ಆಕೆ ಕೂಗಲಿಲ್ಲ. ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟು, "ಈ ಪದ ಎಲ್ಲಿ ಕಲಿತೆ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ವಾಪಸ್ ಬರುವಾಗ ರೇಡಿಯೋ ಹಾಕಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನನ್ನೊಳಗೆ ಆ ಪದ ಮೊದಲೇ ಇರಲಿಲ್ಲ. ಅವರೇ ಹಾಕಿದ್ದು.

ಟವರ್ ಗೌಡ, ನ್ಯೂಜೆರ್ಸಿ

ನಾನು ರೇಡಿಯೋ ಸ್ಟೇಷನ್‌ಗಳಲ್ಲಿ ಟ್ರಾನ್ಸ್‌ಮೀಟರ್ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಈಗ ರಿಟೈರ್ ಆಗಿದ್ದೇನೆ. ಒಬ್ಬ ಮನುಷ್ಯನ ನಾಲಿಗೆಯಿಂದಲೇ ಇದೆಲ್ಲ ಆಯಿತು ಅಂತ ಅಂದುಕೊಂಡರೆ ಅರ್ಧ ಕಥೆ ಬಿಟ್ಟ ಹಾಗೆ. ಆ ಅರ್ಧ ನಾನು ಹೇಳುತ್ತೇನೆ.

1970ರ ದಶಕದಲ್ಲಿ ಹಾಡುಗಳೆಲ್ಲ ಎಫ್‌ಎಂಗೆ ಹೋದವು. ಅಲ್ಲಿ ಸದ್ದು ಚೆನ್ನ, ಸ್ಟೀರಿಯೋ ಬೇರೆ. ಎಎಂ ಸ್ಟೇಷನ್‌ಗಳು ಖಾಲಿ ಅಂಗಡಿಗಳಾದವು. ಆದರೆ ಎಎಂ ಅಲೆ ನೆಲ ಹಿಡಿದು ಬಹಳ ದೂರ ಹೋಗುತ್ತದೆ, ಮನುಷ್ಯನ ಮಾತಿಗೆ ಅಷ್ಟು ಸದ್ದು ಸಾಕು. ಹೊಲದ ನಡುವೆ, ಹೈವೇಯಲ್ಲಿ, ಗ್ಯಾರೇಜಿನಲ್ಲಿ ಸಿಗುತ್ತಿದ್ದದ್ದು ಅದೇ.

ಎರಡನೆಯದು ಕಾನೂನು. ರೇಡಿಯೋ, ಟಿವಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1949ರಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಅಂತ ಒಂದು ನಿಯಮ ತಂದಿತ್ತು. ಲೈಸೆನ್ಸ್ ಇರುವ ಸ್ಟೇಷನ್ ಊರಿಗೆ ಮುಖ್ಯವಾದ ವಿವಾದಗಳ ಬಗ್ಗೆ ಮಾತಾಡಬೇಕು, ಎದುರು ಅಭಿಪ್ರಾಯಕ್ಕೂ ಜಾಗ ಕೊಡಬೇಕು. ಇಬ್ಬರಿಗೂ ಸಮ ಸಮ ನಿಮಿಷ ಕೊಡಬೇಕು ಅಂತ ಇರಲಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. 1969ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 1987ರಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಇದನ್ನೇ ಕಾನೂನು ಮಾಡಲು ಹೊರಟಾಗ ಅಧ್ಯಕ್ಷ ರೇಗನ್ ವೀಟೋ ಹಾಕಿದರು. ಅದೇ ಆಗಸ್ಟ್‌ನಲ್ಲಿ ಎಫ್‌ಸಿಸಿ ನಿಯಮವನ್ನೇ ಕೈಬಿಟ್ಟಿತು. ಲಿಂಬಾ ದೇಶಕ್ಕೆ ಕೇಳಿಸಿದ್ದು ಸರಿಯಾಗಿ ಅದರ ಮುಂದಿನ ಆಗಸ್ಟ್‌ನಲ್ಲಿ.

ಮೂರನೆಯದು ದುಡ್ಡು. ಶುರುವಿನಲ್ಲಿ ಅವರ ಶೋ ಸ್ಟೇಷನ್‌ಗಳಿಗೆ ಬಿಟ್ಟಿ ಸಿಗುತ್ತಿತ್ತು. ಬದಲಿಗೆ ಗಂಟೆಗೆ ಇಷ್ಟು ನಿಮಿಷ ಜಾಹೀರಾತು ಅವರದು, ಉಳಿದದ್ದು ಸ್ಟೇಷನ್‌ನದು. ಸಾಯುತ್ತಿದ್ದ ಎಎಂ ಮಾಲೀಕನಿಗೆ ಇದಕ್ಕಿಂತ ಇನ್ನೇನು ಬೇಕು? ಊರಿನ ರೈತರ ಕಾರ್ಯಕ್ರಮ, ಊರಿನ ಹರಟೆ ಎಲ್ಲ ತೆಗೆದು ಉಪಗ್ರಹದ ಕಡೆ ಡಿಶ್ ತಿರುಗಿಸಿಕೊಂಡರೆ ಆಯಿತು. ಒಬ್ಬ ಸಂಬಳದವನೂ ಬೇಡ. ಅಂಥ ಒಂದು ಸ್ಟೇಷನ್‌ಗೆ ಡಿಶ್ ಕೂರಿಸಿದ್ದು ನಾನೇ. ಹದಿನೇಳು ವರ್ಷ ಅಲ್ಲಿ ಮಧ್ಯಾಹ್ನ ಮಾತಾಡುತ್ತಿದ್ದ ಹೆಂಗಸು ತನ್ನ ಕಾಫಿ ಕಪ್ಪು ರಟ್ಟಿನ ಡಬ್ಬಿಗೆ ಹಾಕಿಕೊಂಡು ಹೋದದ್ದು ನೆನಪಿದೆ. ಆಕೆಯ ಮಾತಿನಲ್ಲಿ ಊರಿನ ಎರಡೂ ಪಾರ್ಟಿಯವರು ಇರುತ್ತಿದ್ದರು. ಚರಂಡಿ, ಶಾಲೆ ತೆರಿಗೆ, ನಾಯಿ ಕಾಟ.

1996ರ ಟೆಲಿಕಾಂ ಕಾಯ್ದೆ ಬಂದ ಮೇಲಂತೂ ಒಬ್ಬರೇ ದೇಶವಿಡೀ ಸೇರಿ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು ಅಂತ ಆಯಿತು. ಅದಕ್ಕೂ ಮೊದಲು ದೇಶದಲ್ಲಿ 40ರ ಮಿತಿ ಇತ್ತು. ಕ್ಲಿಯರ್ ಚಾನೆಲ್ ಕಂಪನಿ ಕೆಲವೇ ವರ್ಷದಲ್ಲಿ 1,200 ಮುಟ್ಟಿತು. 2008ರಲ್ಲಿ ಲಿಂಬಾಗೆ ಸಿಕ್ಕ ಒಪ್ಪಂದ ಎಂಟು ವರ್ಷಕ್ಕೆ 40 ಕೋಟಿ ಡಾಲರ್.

ಬೆಣ್ಣೆ ದೋಸೆ, ಡಲ್ಲಾಸ್

ನಾನು ಅವರ ಅಭಿಮಾನಿ ಆಗಿದ್ದೆ. ಮುಚ್ಚುಮರೆ ಇಲ್ಲ. ನನ್ನದು ಸಣ್ಣ ಪ್ರಿಂಟಿಂಗ್ ವ್ಯಾಪಾರ, ನಾನು ರಿಪಬ್ಲಿಕನ್ನರಿಗೆ ಓಟು ಹಾಕುವವನು. ಇಲ್ಲಿ ಎಲ್ಲರೂ ಒಂದೇ ಕಡೆಯಿಂದ ಮಾತಾಡಿದರೆ ಶರಾವತಿಯವರಿಗೆ ಪೂರ್ತಿ ಉತ್ತರ ಸಿಗುವುದಿಲ್ಲ.

1980ರ ದಶಕದ ಅಮೆರಿಕ ನೆನಪಿಸಿಕೊಳ್ಳಿ. ಮೂರು ದೊಡ್ಡ ಟಿವಿ ಚಾನೆಲ್, ನಾಲ್ಕಾರು ದೊಡ್ಡ ಪತ್ರಿಕೆ. ಬಹುಪಾಲು ನ್ಯೂಯಾರ್ಕ್, ವಾಷಿಂಗ್ಟನ್. ಚರ್ಚಿಗೆ ಹೋಗುವವನು, ಬಂದೂಕು ಇಟ್ಟುಕೊಂಡವನು, ತೆರಿಗೆ ಜಾಸ್ತಿ ಆಯಿತು ಅನ್ನುವ ಅಂಗಡಿಯವನು, ಇವರ ಮಾತು ಅಲ್ಲಿ ಬಂದರೆ ಬುದ್ಧಿ ಇಲ್ಲದವರ ಮಾತಿನ ಹಾಗೆ ಬರುತ್ತಿತ್ತು. ಒಬ್ಬ ಮನುಷ್ಯ ಬಂದು ನೀನು ದಡ್ಡ ಅಲ್ಲ, ನೀನು ಒಬ್ಬಂಟಿ ಅಲ್ಲ ಅಂದ. ಕಾಲ್ ಮಾಡಿದವರು ಹೊಗಳಿಕೆಯಲ್ಲಿ ಟೈಮ್ ಹಾಳು ಮಾಡದೆ 'ಡಿಟ್ಟೋ' ಅನ್ನುತ್ತಿದ್ದರು, ಅಂದರೆ ಹಿಂದಿನವರು ಹೇಳಿದ್ದೇ ನನ್ನದೂ ಅಂತ. ಅದನ್ನೇ ಹಿಡಿದು ನಮ್ಮನ್ನು ಯೋಚನೆ ಇಲ್ಲದ ಡಿಟ್ಟೋಹೆಡ್‌ಗಳು ಅಂತ ಹೀಯಾಳಿಸಿದರು.

1993ರಲ್ಲಿ ಒಬ್ಬ ಕೇಳುಗ ಫೋನ್ ಮಾಡಿದ. ಲಿಂಬಾ ಪತ್ರಿಕೆಯ ಚಂದಾ 29.95 ಡಾಲರ್. ಅಷ್ಟು ಖರ್ಚಿಗೆ ಹೆಂಡತಿ ಒಪ್ಪುತ್ತಿಲ್ಲ ಅಂದ. ಬಿಟ್ಟಿ ಕೊಡುವುದಿಲ್ಲ, ಕೇಕು ಬಿಸ್ಕತ್ತು ಮಾರಿ ಸಂಪಾದಿಸು ಅಂದರು ಲಿಂಬಾ. ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಅದಕ್ಕೆ ಹತ್ತಾರು ಸಾವಿರ ಜನ ಸೇರಿದರು, ದೂರ ದೂರದ ರಾಜ್ಯಗಳಿಂದ. ಬರೀ ದ್ವೇಷಕ್ಕೆ ಯಾರೂ ಅಷ್ಟು ದೂರ ಗಾಡಿ ಓಡಿಸಿಕೊಂಡು ಹೋಗುವುದಿಲ್ಲ. ವರ್ಷಾ ವರ್ಷಾ ರಕ್ತದ ಕ್ಯಾನ್ಸರ್ ಸಂಸ್ಥೆಗೆ ಅವರು ಎತ್ತಿದ ಹಣ ಎಷ್ಟು ಅನ್ನುವುದನ್ನೂ ಯಾರೂ ಹೇಳುವುದಿಲ್ಲ.

1995ರಲ್ಲಿ ಒಕ್ಲಹೋಮ ಸಿಟಿಯಲ್ಲಿ ಬಾಂಬ್ ಸಿಡಿದು 168 ಜನ ಸತ್ತಾಗ, ಅಧ್ಯಕ್ಷ ಕ್ಲಿಂಟನ್ ಗಾಳಿಯಲ್ಲಿ ಕೇಳಿಸುವ ಸಿಟ್ಟಿನ ದನಿಗಳ ಕಡೆ ಬೊಟ್ಟು ಮಾಡಿದರು. ಹೆಸರು ಹೇಳಲಿಲ್ಲ, ಆದರೆ ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು. ಬಾಂಬ್ ಇಟ್ಟವನಿಗೂ ವ್ಯಾನಿನಲ್ಲಿ ರೇಡಿಯೋ ಕೇಳುವವನಿಗೂ ಸಂಬಂಧ ಕಟ್ಟಿದರಲ್ಲ, ಅದು ದೇಶ ಒಡೆಯುವ ಮಾತು ಅಲ್ವಾ? ಎರಡು ಕೈ ಸೇರಿದರೇ ಚಪ್ಪಾಳೆ.

ಮಲೆನಾಡ ಮಗಳು, ನ್ಯೂಯಾರ್ಕ್

ಡಲ್ಲಾಸಿನ ಅಣ್ಣ, ನಿಮ್ಮ ಮಾತು ಪೂರ್ತಿ ಓದಿದೆ. ಒಬ್ಬಂಟಿತನದ ಮಾತು ನನಗೆ ಅರ್ಥ ಆಗುತ್ತದೆ. ಈಗ ನನ್ನದನ್ನು ನೀವು ಪೂರ್ತಿ ಓದಿ.

ನಾನು ನರ್ಸ್. 1989ರಿಂದ ಐದು ವರ್ಷ ಏಡ್ಸ್ ವಾರ್ಡಿನಲ್ಲಿ ಇದ್ದೆ. ಆಗ ಔಷಧಿ ಅಂತ ಇದ್ದದ್ದು ಬಹಳ ಕಮ್ಮಿ. ಇಪ್ಪತ್ತೈದು, ಮೂವತ್ತರ ಹುಡುಗರು. ಎಷ್ಟೋ ಜನರ ಅಪ್ಪ ಅಮ್ಮ ನೋಡಲು ಬರುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಬಾಗಿಲಲ್ಲೇ ನಿಂತು ಹೋಗುತ್ತಿದ್ದರು. ಆ ದಿನಗಳಲ್ಲೇ ಲಿಂಬಾ ಶೋದಲ್ಲಿ ಏಡ್ಸ್ ಅಪ್‌ಡೇಟ್ ಅಂತ ಒಂದು ಭಾಗ ಬರುತ್ತಿತ್ತು. ಹಾಡು ಹಾಕಿಕೊಂಡು ಅವರ ಸಾವನ್ನು ತಮಾಷೆ ಮಾಡುವುದು. ಒಬ್ಬ ಹುಡುಗನ ಮಂಚದ ಪಕ್ಕ ಕೂತು ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದೆ. ಅವನು ಹೇಳಿದ: "ನಮ್ಮಪ್ಪ ಇದನ್ನು ಕೇಳಿ ನಗುತ್ತಾರೆ, ನನಗೆ ಗೊತ್ತು." ಅಪ್ಪ ಒಳ್ಳೆಯವರು ಅಂತ ಕೂಡಲೇ ಸೇರಿಸಿದ. ಆಮೇಲೆ ಲಿಂಬಾ ಅದನ್ನು ನಿಲ್ಲಿಸಿದರು, ವಿಷಾದವನ್ನೂ ಹೇಳಿದರು. ಆ ಹುಡುಗ ಅಷ್ಟರಲ್ಲಿ ಹೋಗಿಯಾಗಿತ್ತು.

2006ರಲ್ಲಿ ನಟ ಮೈಕಲ್ ಜೆ. ಫಾಕ್ಸ್ ಪಾರ್ಕಿನ್ಸನ್ಸ್ ಕಾಯಿಲೆಯಿಂದ ನಡುಗುತ್ತಾ ಒಂದು ಚುನಾವಣಾ ಜಾಹೀರಾತಿನಲ್ಲಿ ಬಂದರು. ಲಿಂಬಾ ಸ್ಟುಡಿಯೋದಲ್ಲಿ ಮೈ ಕುಲುಕಿ ಅಣಕಿಸಿದರು, ನಾಟಕ ಇರಬಹುದು ಅಂದರು. 2012ರಲ್ಲಿ ಸಾಂಡ್ರಾ ಫ್ಲೂಕ್ ಅನ್ನುವ ಕಾನೂನು ವಿದ್ಯಾರ್ಥಿನಿ ಗರ್ಭನಿರೋಧಕಗಳಿಗೆ ವಿಮೆ ಬೇಕು ಅಂತ ಸಂಸದರ ಮುಂದೆ ಮಾತಾಡಿದ್ದಕ್ಕೆ, ರೇಡಿಯೋದಲ್ಲಿ ಸೂಳೆ ಅಂತ ಕರೆದರು. ಒಂದು ದಿನ ಅಲ್ಲ, ಮೂರು ದಿನ. ಜಾಹೀರಾತು ಕೊಡುವವರು ಒಬ್ಬೊಬ್ಬರೇ ಓಡಿ ಹೋದ ಮೇಲೆ ಕ್ಷಮೆ ಬಂತು. ಅದೂ ಬಳಸಿದ ಪದಗಳಿಗೆ.

ಇನ್ನೊಂದು ಹೇಳಲೇಬೇಕು. 1995ರಲ್ಲಿ ಅವರ ಟಿವಿ ಶೋದಲ್ಲಿ ಡ್ರಗ್ಸ್ ತೆಗೆದುಕೊಳ್ಳುವವರನ್ನು ಹಿಡಿದು ಜೈಲಿಗೆ ಹಾಕಬೇಕು ಅಂದಿದ್ದರು. 2003ರಲ್ಲಿ ತಾವೇ ನೋವಿನ ಮಾತ್ರೆಗೆ ಅಂಟಿಕೊಂಡಿದ್ದೇನೆ ಅಂತ ಒಪ್ಪಿಕೊಂಡು ಚಿಕಿತ್ಸೆಗೆ ಹೋದರು. ಅದನ್ನು ಹಿಡಿದು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ಅದು ಕಾಯಿಲೆ, ಚಿಕಿತ್ಸೆ ಸಿಕ್ಕಿದ್ದು ಒಳ್ಳೆಯದೇ. ಅದೇ ಕರುಣೆ ಬೇರೆಯವರಿಗೂ ಸಿಗಬೇಕಿತ್ತು ಅಂತ ಮಾತ್ರ ನನ್ನ ಸಂಕಟ.

ಬೆಣ್ಣೆ ದೋಸೆ, ಡಲ್ಲಾಸ್

ಓದಿದೆ ಅಕ್ಕ. ಏಡ್ಸ್ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದು ತಪ್ಪು.

ಬನಶಂಕರಿ ಬಸ್ಸು, ಬೆಂಗಳೂರು

ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಎರಡು ಪ್ರಶ್ನೆ. ಎದುರು ಪಕ್ಷದವರೂ ಹೀಗೇ ಒಂದು ರೇಡಿಯೋ ಮಾಡಬಹುದಿತ್ತಲ್ಲ, ಯಾಕೆ ಮಾಡಲಿಲ್ಲ? ಮತ್ತೆ, ಇದಕ್ಕೂ ಮೊದಲು ಅಮೆರಿಕದಲ್ಲಿ ಇಂಥವರು ಇರಲಿಲ್ವಾ? ನಮ್ಮಲ್ಲಿ ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದಲೂ ಅನುಮತಿ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಹಾಗೇ ಹಾಕಬಹುದು ಅಷ್ಟೆ. ಹಾಗಾಗಿ ರೇಡಿಯೋದಲ್ಲಿ ದಿನಕ್ಕೆ ಮೂರು ಗಂಟೆ ರಾಜಕೀಯ ಅನ್ನುವುದು ನನಗೆ ಕಲ್ಪನೆಗೇ ಸಿಗುತ್ತಿಲ್ಲ.

ಟವರ್ ಗೌಡ, ನ್ಯೂಜೆರ್ಸಿ

ಎರಡನೆಯದಕ್ಕೆ ಮೊದಲು ಉತ್ತರ. ಇದ್ದರು. 1930ರ ದಶಕದಲ್ಲಿ ಫಾದರ್ ಕಾಫ್ಲಿನ್ ಅಂತ ಮಿಷಿಗನ್‌ನ ಪಾದ್ರಿ. ಕೋಟಿಗಟ್ಟಲೆ ಜನ ಕೇಳುತ್ತಿದ್ದರು. ಮೊದಮೊದಲು ಬಡವರ ಪರ, ಅಧ್ಯಕ್ಷ ರೂಸ್‌ವೆಲ್ಟ್ ಪರ ಮಾತು. ಆಮೇಲೆ ರೂಸ್‌ವೆಲ್ಟ್ ವಿರುದ್ಧ, ಕೊನೆಗೆ ಯಹೂದಿಗಳ ವಿರುದ್ಧ. 1939ರಲ್ಲಿ ಪ್ರಸಾರಕರ ಸಂಘವೇ ವಿವಾದದ ಮಾತಿಗೆ ಗಾಳಿಯ ಸಮಯ ಮಾರಬಾರದು ಅಂತ ಕಟ್ಟು ಹಾಕಿತು. 1942ರಲ್ಲಿ ಚರ್ಚ್ ಅವರ ಬಾಯಿ ಮುಚ್ಚಿಸಿತು. ಲಿಂಬಾ ಮತ್ತು ಕಾಫ್ಲಿನ್ ಒಂದೇ ಅಂತ ನಾನು ಹೇಳುವುದಿಲ್ಲ, ಅವರು ಒಂದೇ ಅಲ್ಲ. ಆದರೆ ಒಬ್ಬಂಟಿಯಾಗಿ ಕೂತವನ ಕಿವಿಯಲ್ಲಿ ಒಂದೇ ದನಿ ವರ್ಷಗಟ್ಟಲೆ ಮಾತಾಡಿದರೆ ಏನಾಗುತ್ತದೆ ಅನ್ನುವುದು ಹೊಸ ವಿಷಯ ಏನಲ್ಲ.

ಮೊದಲ ಪ್ರಶ್ನೆ. ಮಾಡಿದರು. ಏರ್ ಅಮೆರಿಕ ಅಂತ 2004ರಲ್ಲಿ ಶುರುವಾಯಿತು, 2010ರಲ್ಲಿ ಮುಚ್ಚಿತು. ಸ್ಟೇಷನ್ ಸಿಗಲಿಲ್ಲ, ದುಡ್ಡು ನಿಲ್ಲಲಿಲ್ಲ. ಇನ್ನೊಂದು ಮಾತು, ಇದು ನನ್ನ ಅನುಭವ. ಸಿಟ್ಟಿಗೆ ಸಿಟ್ಟು ಇಟ್ಟರೆ ಸಾಲದು. ಲಿಂಬಾ ವರ್ಷಗಟ್ಟಲೆ ಹಾಡಿನ ರೇಡಿಯೋದಲ್ಲಿ ಪಳಗಿದವರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಅಂತ ಕೈಗೆ ಗೊತ್ತಿತ್ತು. ಅವರ ಟಿವಿ ಶೋ ಮಾಡಿಸಿದ ರೋಜರ್ ಏಲ್ಸ್ ಅವರೇ 1996ರಲ್ಲಿ ಫಾಕ್ಸ್ ನ್ಯೂಸ್ ಟಿವಿ ಚಾನೆಲ್ ಕಟ್ಟಿದ್ದು. ಈ ರೇಡಿಯೋ ಕಲಿಸಿದ ಪಾಠ ಎಲ್ಲಿಗೆ ಹೋಯಿತು ಅಂತ ಅದರಿಂದ ತಿಳಿಯುತ್ತದೆ.

ಒಂದು ವಿಷಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. 2001ರಲ್ಲಿ ಅವರಿಗೆ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಡಿಸೆಂಬರ್‌ನಲ್ಲಿ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಮತ್ತೆ ಕೇಳಿಸುವ ಹಾಗೆ ಮಾಡುವ ಸಾಧನ, ಕೂರಿಸಿದರು. ಅದಕ್ಕೂ ಮೊದಲಿನ ವಾರಗಳಲ್ಲಿ ಕಾಲರ್ ಹೇಳಿದ್ದನ್ನು ಸ್ಟುಡಿಯೋದಲ್ಲಿ ಯಾರೋ ಟೈಪ್ ಮಾಡುತ್ತಿದ್ದರು, ಇವರು ಪರದೆಯ ಮೇಲೆ ಓದಿ ಉತ್ತರ ಕೊಡುತ್ತಿದ್ದರು. ತಾನು ಆಡಿದ ಮಾತೇ ತನಗೆ ಸರಿಯಾಗಿ ಕೇಳದೆ ದಿನಕ್ಕೆ ಮೂರು ಗಂಟೆ ಮಾತಾಡುವುದು ಎಂಥ ಕಷ್ಟ ಅಂತ ಈ ಕೆಲಸದಲ್ಲಿ ಇದ್ದವರಿಗೆ ಗೊತ್ತು. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅದೇ ಹೊತ್ತಿಗೆ ಇನ್ನೊಂದು ಯೋಚನೆಯೂ ಬಂತು. ಜನರ ಜೊತೆ ಮಾತಾಡುವ ಕಾರ್ಯಕ್ರಮ ಅದು. ಜನರ ಮಾತು ಕೇಳಿಸದಿದ್ದರೂ ಅದು ಮೊದಲಿನ ಹಾಗೇ ನಡೆಯಿತು.

ಹಂಪಿ ದಾರಿ, ಸ್ಯಾಕ್ರಮೆಂಟೊ

ಗೌಡರ ಕೊನೆ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ರಾಜಕೀಯದವರಿಗೆ ಅವರೆಂದರೆ ಎಷ್ಟು ಭಯ ಇತ್ತು ಅಂತಲೂ ಹೇಳಬೇಕು. 1994ರಲ್ಲಿ 40 ವರ್ಷದ ಮೇಲೆ ಸಂಸತ್ತಿನ ಕೆಳಮನೆ ರಿಪಬ್ಲಿಕನ್ನರ ಕೈಗೆ ಬಂತು. ಹೊಸದಾಗಿ ಗೆದ್ದವರು ಲಿಂಬಾ ಅವರನ್ನು ತಮ್ಮ ತಂಡದ ಗೌರವ ಸದಸ್ಯ ಮಾಡಿಕೊಂಡರು. 2009ರ ಜನವರಿಯಲ್ಲಿ ಒಬಾಮ ಅಧಿಕಾರಕ್ಕೆ ಬರುವ ಮೊದಲೇ, ಅವರು ಸೋಲಲಿ ಅನ್ನುವುದೇ ನನ್ನ ಆಸೆ ಅಂದರು. ಅದಾಗಿ ಒಂದೆರಡು ತಿಂಗಳಲ್ಲಿ ರಿಪಬ್ಲಿಕನ್ ಪಾರ್ಟಿಯ ಅಧ್ಯಕ್ಷ ಮೈಕಲ್ ಸ್ಟೀಲ್ ಅವರು ಲಿಂಬಾ ಬರೀ ಮನರಂಜನೆ ಕೊಡುವವರು, ಮಾತು ಬೆಂಕಿ ಹಚ್ಚುವಂಥದು ಅಂದುಬಿಟ್ಟರು. ಒಂದೆರಡು ದಿನದಲ್ಲಿ ಕ್ಷಮೆ ಕೇಳಿದರು. ಪಾರ್ಟಿಯ ಅಧ್ಯಕ್ಷ ರೇಡಿಯೋದವರ ಹತ್ತಿರ! ಎದುರಾಳಿಯ ಜೊತೆ ಕೂತು ಒಂದು ಒಪ್ಪಂದಕ್ಕೆ ಬರಬೇಕು ಅಂದರೆ ಸಂಸದನಿಗೆ ಮಧ್ಯಾಹ್ನದ ರೇಡಿಯೋ ನೆನಪಾಗದೆ ಇರುತ್ತಾ?

ಶರಾವತಿಯವರೇ, ನಿಮ್ಮ "ನೀವಲ್ಲ" ಬಗ್ಗೆ. ಆರು ವರ್ಷದಲ್ಲಿ ನಾನು ಕಂಡುಕೊಂಡದ್ದು ಇದು. ಆ ಶೋದಲ್ಲಿ 'ಅವರು' ಯಾವಾಗಲೂ ಒಂದು ಗುಂಪು. ಲಿಬರಲ್‌ಗಳು, ಅಕ್ರಮವಾಗಿ ಬಂದವರು, ಪರಿಸರದವರು. ಮುಖ ಇರುವುದಿಲ್ಲ. ಹಾಗಾಗಿ ಮುಖ ಇರುವವರು ಎದುರು ಕೂತ ತಕ್ಷಣ ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ನಿಮ್ಮ ಮಾಲೀಕರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ನಿಜಕ್ಕೂ ನೀವು ಅಲ್ಲ. ಆದರೆ ಅವರ ಓಟು ಬಿದ್ದ ಜಾಗದಲ್ಲಿ ನೀವೂ ಇದ್ದಿರಿ.

ಬೆಣ್ಣೆ ದೋಸೆ, ಡಲ್ಲಾಸ್

ನಾನು ಕೇಳುವುದನ್ನು ಯಾವಾಗ ಬಿಟ್ಟೆ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ.

2020ರ ಫೆಬ್ರವರಿ 3ರಂದು ಶ್ವಾಸಕೋಶದ ಕ್ಯಾನ್ಸರ್ ಅಂತ ಅವರು ರೇಡಿಯೋದಲ್ಲೇ ಹೇಳಿದರು. ನಾನು ಗಾಡಿ ಪಕ್ಕಕ್ಕೆ ಹಾಕಿದೆ. ಮಾರನೇ ದಿನ ಸಂಸತ್ತಿನಲ್ಲಿ, ದೇಶವೆಲ್ಲ ನೋಡುತ್ತಿರುವಾಗ, ಅಧ್ಯಕ್ಷ ಟ್ರಂಪ್, ಲಿಂಬಾ ಅವರಿಗೆ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಅನ್ನುವ ದೊಡ್ಡ ನಾಗರಿಕ ಗೌರವ ಕೊಡಿಸಿದರು. ಅರ್ಧ ಸಭೆ ಎದ್ದು ನಿಂತಿತು, ಅರ್ಧ ಸಭೆ ಕೂತೇ ಇತ್ತು. ಒಬ್ಬ ಸಾಯುತ್ತಿರುವ ಮನುಷ್ಯನಿಗೂ ಹೀಗಾ ಅಂತ ಅವತ್ತು ಸಿಟ್ಟು ಬಂತು. ಏಡ್ಸ್ ವಾರ್ಡಿನ ಮಾತು ಓದಿದ ಮೇಲೆ ಆ ಕೂತಿದ್ದವರ ಬಗ್ಗೆ ಬೇರೆ ಥರ ಯೋಚನೆ ಬರುತ್ತಿದೆ.

ಅದೇ ತಿಂಗಳ 24ರಂದು ಲಿಂಬಾ, ಕೊರೊನಾ ಅಂದರೆ ಮಾಮೂಲಿ ನೆಗಡಿ, ಟ್ರಂಪ್ ಅವರನ್ನು ಇಳಿಸಲು ಇದನ್ನು ಆಯುಧ ಮಾಡಿಕೊಂಡಿದ್ದಾರೆ ಅಂದರು. ನನ್ನ ಹೆಂಡತಿ ಉಸಿರಾಟದ ಚಿಕಿತ್ಸೆಯ ಟೆಕ್ನಿಷಿಯನ್. ಏಪ್ರಿಲ್‌ನಲ್ಲಿ ಅವಳು ಕೆಲಸ ಮುಗಿಸಿ ಬಂದು ಗ್ಯಾರೇಜಿನಲ್ಲೇ ಬಟ್ಟೆ ಬದಲಿಸಿ, ಮಕ್ಕಳ ಹತ್ತಿರ ಬರದೆ ಮಲಗುತ್ತಿದ್ದಳು. ಮಾಸ್ಕಿನ ದಾರ ಕಿವಿಯ ಹಿಂದೆ ಚರ್ಮ ಕಿತ್ತಿತ್ತು. ಒಂದು ರಾತ್ರಿ ನಾನು ಹೇಳಿದೆ, ಟಿವಿಯವರು ಜಾಸ್ತಿ ಮಾಡುತ್ತಿದ್ದಾರೆ, ಇದು ಅಷ್ಟು ದೊಡ್ಡದಲ್ಲ ಅಂತ. ಹೇಳಿದ್ದು ನಾನೇ, ದನಿ ನನ್ನದೇ. ಅವಳು ಎರಡು ನಿಮಿಷ ನನ್ನನ್ನು ನೋಡಿ ಒಳಗೆ ಹೋದಳು.

ನನ್ನ ಹೆಂಡತಿಯ ಕಿವಿ ನೋಡಿಯೂ ನಾನು ಹಾಗೆ ಅಂದೆ. ಇದು ಮೊದಲೇ ನನ್ನೊಳಗೆ ಇತ್ತಾ, ಅವರು ಹಾಕಿದರಾ, ನನಗೆ ಬೇರೆ ಮಾಡಿ ಹೇಳಲು ಆಗುವುದಿಲ್ಲ. ನಾನು ಈಗಲೂ ರಿಪಬ್ಲಿಕನ್ನರಿಗೇ ಓಟು ಹಾಕುತ್ತೇನೆ. ತೆರಿಗೆ ಬಗ್ಗೆ, ಸರ್ಕಾರದ ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ರೇಡಿಯೋ ಮಾತ್ರ ಮತ್ತೆ ಹಾಕಲಿಲ್ಲ.

ಮಲೆನಾಡ ಮಗಳು, ನ್ಯೂಯಾರ್ಕ್

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ. ಆ ಏಪ್ರಿಲ್‌ನಲ್ಲಿ ರಿಟೈರ್ ಆಗಿದ್ದ ನಾನೂ ವಾಪಸ್ ಡ್ಯೂಟಿಗೆ ಹೋಗಿದ್ದೆ.

ಶರಾವತಿ, ಮಿಸ್ಸೌರಿ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಇಷ್ಟು ಬಿಚ್ಚಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಹೋದ ವಾರ ಮಾಲೀಕರ ಮಗ ಶಿಕಾಗೋದಿಂದ ಬಂದಿದ್ದ. ಅಮ್ಮನ ಮನೆ ಖಾಲಿ ಮಾಡಿಸಲು. ನಮ್ಮ ಅಡುಗೆಮನೆಗೆ ಬಂದವನು ರೇಡಿಯೋ ನೋಡಿ ಅಲ್ಲೇ ನಿಂತ. ಇದನ್ನು ನೋಡಿದರೆ ಸಿಟ್ಟು ಬರಬಹುದು ಅಂತ ನಾನು ತೆಗೆದಿಡಲು ಹೋದೆ. ಬೇಡ ಅಂದ.

ಕಾಫಿ ಕೊಟ್ಟೆ. ಆಗ ಹೇಳಿದ. ಹಬ್ಬಕ್ಕೆ ಬರುವುದು ಬಿಟ್ಟ ಮೇಲೆ ಅವನೂ ಶಿಕಾಗೋದಲ್ಲಿ ಕಾರಿನಲ್ಲಿ ಲಿಂಬಾ ಕೇಳಲು ಶುರು ಮಾಡಿದನಂತೆ. ಒಪ್ಪಿಗೆ ಇದ್ದು ಅಲ್ಲ. ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಯಾವ ವಿಷಯ ತೆಗೆದರೆ ಜಗಳ ಆಗುತ್ತದೆ ಅಂತ ಮೊದಲೇ ಗೊತ್ತಿರಲಿ ಅಂತ. ಆ ವಿಷಯಗಳನ್ನೆಲ್ಲ ಬಿಟ್ಟು ಬೇಸ್‌ಬಾಲ್, ಮಳೆ, ಮರದ ರೇಟು ಮಾತಾಡುತ್ತಿದ್ದರಂತೆ. ಹನ್ನೊಂದು ವರ್ಷ ಹಾಗೇ ನಡೆಯಿತಂತೆ. ಅಪ್ಪನಿಗೂ ಇದು ಗೊತ್ತಿತ್ತಾ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಅವನ ಅಮ್ಮ ಬಾಗಿಲಲ್ಲಿ ನಿಂತಿದ್ದವರು, ಗೊತ್ತಿತ್ತು ಅಂದರು. ಅಷ್ಟೇ ಹೇಳಿ ಒಳಗೆ ಹೋದರು.

ರೇಡಿಯೋ ಅವನು ತೆಗೆದುಕೊಂಡು ಹೋಗುತ್ತಾನಂತೆ, ಶನಿವಾರ ಮತ್ತೆ ಬರುತ್ತಾನೆ. ಗೌಡರೇ, ಅಷ್ಟರೊಳಗೆ ಆ ಕರಕರ ಸರಿ ಮಾಡಿ ಕೊಡೋಣ ಅಂತಿದ್ದೇನೆ. ಏನು ಮಾಡಬೇಕು? ಟೇಪು ತೆಗೆಯಬೇಡಿ ಅಂದಿದ್ದಾನೆ.

ಟವರ್ ಗೌಡ, ನ್ಯೂಜೆರ್ಸಿ

ಟೇಪು ಮುಟ್ಟುವ ಅಗತ್ಯವೇ ಇಲ್ಲ. ಕರಕರ ಬರುವುದು ವಾಲ್ಯೂಮ್ ಗುಂಡಿಯ ಒಳಗೆ ದೂಳು ಕೂತಿರುವುದಕ್ಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಪ್ಲಗ್ ತೆಗೆಯಿರಿ. ಹಿಂದಿನ ಮುಚ್ಚಳ ಬಿಚ್ಚಿ, ಆ ಗುಂಡಿಯ ಬುಡದಲ್ಲಿ ಇರುವ ಸಣ್ಣ ಕಿಂಡಿಗೆ ಒಂದೇ ಸಲ ಹೊಡೆಯಿರಿ. ಆಮೇಲೆ ಗುಂಡಿಯನ್ನು ಆ ಕಡೆ ಈ ಕಡೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಒಂದು ಗಂಟೆ ಒಣಗಲು ಬಿಟ್ಟು ಪ್ಲಗ್ ಹಾಕಿ. ಒಳಗೆ ಮರದ ಪುಡಿ ತುಂಬಿರುತ್ತದೆ, ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ. ಊದಬೇಡಿ.